ಮುನಿಸಲ್ಲದ ಮೌನ

ಪ್ರೀತಿಯ ಅತ್ತೆಯವರಿಗೆ, ಪಕ್ಕದ ಕೋಣೆಯಿಂದ ಸೊಸೆಯ ನಮಸ್ಕಾರಗಳು.

ಎದುರು ಕೂತು ಹೇಳಹೊರಟರೆ ನೀವು ಮೊದಲ ವಾಕ್ಯಕ್ಕೇ ಬಾಯಿ ಹಾಕುತ್ತೀರಿ. ಬಸ್ ನಿಲ್ದಾಣದ ಮೈಕಿನಲ್ಲಿ ಮೂವತ್ತು ವರ್ಷ ಊರಿಗೆಲ್ಲ ಬಸ್ಸಿನ ಹೊತ್ತು ಕೂಗಿ ಹೇಳಿದವರ ಮುಂದೆ ನನ್ನ ಮಾತು ಎಲ್ಲಿ ನಡೆದೀತು? ಅದಕ್ಕೇ ಈ ಕಾಗದ. ಪೂರ್ತಿ ಓದಿ, ಆಮೇಲೆ ಬೈಯಿರಿ.

ನಮ್ಮ ಆಸ್ಪತ್ರೆಗೆ ಮಿದುಳಿನ ರಕ್ತನಾಳ ನೋಡುವ ಅಲ್ಟ್ರಾಸೌಂಡ್ ಯಂತ್ರ ಬಂದಾಗ ಅದನ್ನು ಕಲಿಯಲು ನನ್ನನ್ನು ಹಾಕಿದರು. ಕಲಿಸುವ ಹಿರಿಯ ಟೆಕ್ನಿಷಿಯನ್, “ಮೊದ್ಲು ಕಾಯಿಲೆ ಇಲ್ಲದ ಐವತ್ತು ತಲೆ ನೋಡು, ಕೈ ಕೂರುತ್ತೆ” ಎಂದರು. ನಿಮ್ಮ ಮಗನ ತಲೆ, ಅಕ್ಕಪಕ್ಕದವರ ತಲೆ, ಇಸ್ತ್ರಿಯವನ ತಲೆ ಎಲ್ಲ ಮುಗಿದು ಕೊನೆಗೆ ಉಳಿದದ್ದು ನಿಮ್ಮದು. “ದಿನಾ ತಲೆ ತಿನ್ನೋದು ಸಾಲದು ಅಂತ ಈಗ ಮಷೀನ್ ಬೇರೆ ಇಡ್ತೀಯಾ?” ಎನ್ನುತ್ತಲೇ ಬಂದು ಮಲಗಿದಿರಿ.

ಕಿವಿಯ ಮುಂದೆ, ಕೆನ್ನೆಯೆಲುಬಿನ ಮೇಲೆ ತಲೆಬುರುಡೆ ತೆಳುವಾಗಿರುತ್ತದೆ. ಶಬ್ದದ ಅಲೆ ಅಲ್ಲಿಂದಲೇ ಒಳಗೆ ಹೋಗಿ ರಕ್ತ ಹರಿಯುವ ಸದ್ದನ್ನು ಹೊತ್ತು ತರಬೇಕು. ವಯಸ್ಸಾದ ಹೆಂಗಸರಲ್ಲಿ ಅಲ್ಲಿಯೂ ಎಲುಬು ದಪ್ಪವಾಗಿ ಎಷ್ಟೋ ಸಲ ಏನೂ ಕೇಳಿಸುವುದಿಲ್ಲ. ನಿಮ್ಮದೂ ಹಾಗೇ. ಬಲಗಡೆ ಹೇಗೋ ಸಿಕ್ಕಿತು, ಎಡಗಡೆ ಇಪ್ಪತ್ತು ನಿಮಿಷ ಹುಡುಕಿದರೂ ಬರೀ ಗೊರಗೊರ. “ಬಿಟ್ಟುಬಿಡಮ್ಮ, ಇಂಥ ತಲೆಗಳೂ ಇರ್ತಾವೆ” ಎಂದು ಹಿರಿಯರು ಎದ್ದೇಬಿಟ್ಟರು. ನಾನು ಬಿಡಲಿಲ್ಲ. ನಿಮ್ಮ ಗಟ್ಟಿ ತಲೆಯೊಡನೆ ಏಳು ವರ್ಷದಿಂದ ಏಗುತ್ತಿರುವವಳು ನಾನು.

ತಲೆಗೆ ಒತ್ತಿ ಹಿಡಿದಿದ್ದ ಯಂತ್ರದ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿದಾಗ ಸಿಕ್ಕಿಬಿಟ್ಟಿತು. ಆದರೆ ಆ ಸದ್ದು ಬೇರೆಯೇ ಆಗಿತ್ತು, ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಂತೆ. ನಾಳ ಕಿರಿದಾದ ಕಡೆ ರಕ್ತ ಹಾಗೆ ನುಗ್ಗುತ್ತದೆ. ಬಲಗಡೆ ಸೆಕೆಂಡಿಗೆ ಅರವತ್ತು ಸೆಂಟಿಮೀಟರ್ ಇದ್ದ ವೇಗ ಎಡಗಡೆ ನೂರಾ ತೊಂಬತ್ತು. ನನ್ನ ಕೈಯದೇ ತಪ್ಪೆಂದು ಜೆಲ್ ಒರೆಸಿ ಮತ್ತೆರಡು ಸಲ ನೋಡಿದೆ. ನೂರಾ ತೊಂಬತ್ತೇ.

ಡಾಕ್ಟರು ಬಂದು ಪರದೆ ನೋಡಿದರು. ಮಾತಾಡಿಸುವ ಮಿದುಳಿನ ಭಾಗಕ್ಕೆ ರಕ್ತ ಹೋಗುವುದು ಎಡಗಡೆಯ ಆ ನಾಳದಿಂದಲೇ. “ಇವರಿಗೆ ಯಾವಾಗಾದ್ರೂ ಮಾತು ನಿಂತುಹೋಗಿತ್ತಾ?” ಎಂದು ಕೇಳಿದರು. “ನನ್ನ ಮೇಲೆ ಸಿಟ್ಟು ಬಂದಾಗೆಲ್ಲ ನಿಲ್ಲುತ್ತೆ ಡಾಕ್ಟ್ರೇ” ಎಂದು ನಕ್ಕೆ. ನೀವು ನಗಲಿಲ್ಲ. “ಅದು ಸಿಟ್ಟಲ್ಲ ಕಣೇ. ಮಾತು ಬಾಯಿಗೇ ಬರ್ತಿರಲಿಲ್ಲ. ಹೇಳಿದ್ರೆ ಮುದುಕಿಗೆ ಅರಳುಮರಳು ಅಂತೀರಿ ಅಂತ ಸುಮ್ನಿದ್ದೆ” ಎಂದಿರಿ.

ಅತ್ತೆ, ಈಗ ಹೇಳುತ್ತೇನೆ. ಕಿಟಕಿಯ ಪರದೆ ಬಟ್ಟೆಯ ವಿಷಯಕ್ಕೆ ಜಗಳವಾದ ದಿನ ನೀವು ಹತ್ತು ನಿಮಿಷ ಗೋಡೆ ನೋಡುತ್ತ ಕೂತಿರಲ್ಲ, ಮುನಿಸಿಕೊಂಡಿದ್ದೀರಿ ಎಂದುಕೊಂಡು ನಾನು ಒಳಗೊಳಗೇ ಹಾಯಾಗಿದ್ದೆ. ಇನ್ನೊಂದು ಸಲ ನಿಮ್ಮ ಕೈಯಿಂದ ಚಮಚ ಬಿತ್ತು, ಎಸೆದಿರಿ ಎಂದುಕೊಂಡು ಎತ್ತಿಕೊಡಲೂ ಇಲ್ಲ. ಡಾಕ್ಟರ ಪ್ರಕಾರ ಅವು ಪಾರ್ಶ್ವವಾಯುವಿನ ಮುನ್ಸೂಚನೆಗಳು, ಇನ್ನೊಂದು ಸಲ ಬಂದಿದ್ದರೆ ನಿಮ್ಮ ಮಾತು ಮರಳುತ್ತಿತ್ತೋ ಇಲ್ಲವೋ. ಕ್ಷಮಿಸಿ.

ಮುಂದಿನದು ನಿಮಗೇ ಗೊತ್ತು. ಸ್ಕ್ಯಾನಿನಲ್ಲೂ ಅದೇ ಜಾಗ ಕಿರಿದಾಗಿ ಕಂಡಿತು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ, ಬಿಪಿಗೊಂದು, ಕೊಬ್ಬಿಗೊಂದು. ಎಲ್ಲವನ್ನೂ ನನ್ನನ್ನು ಶಪಿಸುತ್ತಲೇ ನುಂಗಿದಿರಿ. ಆರು ತಿಂಗಳಲ್ಲಿ ಒಮ್ಮೆಯೂ ಮಾತು ನಿಂತಿಲ್ಲ. ನಿನ್ನೆ ಮತ್ತೆ ನೋಡಿದಾಗ ಎಡಗಡೆಯ ವೇಗ ನೂರಾ ಮೂವತ್ತಕ್ಕೆ ಇಳಿದಿತ್ತು. ಹಿರಿಯ ಟೆಕ್ನಿಷಿಯನ್ ಎಲ್ಲರೆದುರು, “ನಾನು ಬಿಟ್ಟ ತಲೆ, ಇವಳು ಹಿಡಿದಳು” ಎಂದರು. ನಾನು ಗೆದ್ದೆ ಅತ್ತೆ! ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ.

ಆದರೆ ನಿಜವಾದ ರಿಪೋರ್ಟು ನನ್ನ ಕೈಸೇರಿದ್ದು ಇವತ್ತು ಬೆಳಿಗ್ಗೆ. ನೀವು ನಿಮ್ಮ ಮಗಳಿಗೆ ಫೋನ್ ಮಾಡಿ ನನ್ನ ಮೇಲೆ ಚಾಡಿ ಹೇಳುತ್ತಿದ್ದಿರಿ. ಉಪ್ಪು ಜಾಸ್ತಿ, ಗುಂಡಿ ಹೊಲಿಯುವುದಿಲ್ಲ, ಬಾಗಿಲು ದಡಾರನೆ ಹಾಕುತ್ತಾಳೆ. ನಾನು ಬಾಗಿಲ ಹಿಂದೆ ನಿಂತು ಪೂರಾ ನಲವತ್ತು ನಿಮಿಷ ಕೇಳಿದೆ. ಒಂದೇ ಒಂದು ಪದಕ್ಕೂ ನೀವು ತಡವರಿಸಲಿಲ್ಲ. ಕಣ್ಣು ಒರೆಸಿಕೊಂಡು ಕೆಲಸಕ್ಕೆ ಹೊರಟೆ.

ನೂರು ವರ್ಷ ಬಾಳಿ, ಹೀಗೇ ಬಾಯ್ತುಂಬ ಬೈಯುತ್ತಿರಿ.

ಇಂತಿ,
ಉಪ್ಪಿನ ಅಳತೆ ಇನ್ನೂ ಗೊತ್ತಾಗದ,
ನಿಮ್ಮ ಸೊಸೆ