ನಲವತ್ತೊಂದನೇ ಪುಟ

ನವೆಂಬರ್ 3, ಸೋಮವಾರ, ಬೆಳಿಗ್ಗೆ 5.40

ಮಳವಳ್ಳಿ ಮೊದಲ ಟ್ರಿಪ್. ಟಿಕೆಟ್ ಮಷೀನ್ ಜೊತೆ ಬ್ಯಾಗಿನಲ್ಲಿ ಶಶಿಯ ಕಾದಂಬರಿ, ಎರಡು ಕಾಪಿ. ನಿನ್ನೆ ಹಿಂದಿನ ಸೀಟಿನವನೊಬ್ಬ ಕೇಳಿದ — ಕಂಡಕ್ಟರ್ ಹೆಂಡತೀನೂ ಮಕ್ಕಳ ಕಾದಂಬರಿ ಬರೀತಾಳಾ ಅಂತ. ಮೂರನೇ ಮುದ್ರಣ, ಪೇಪರಿನಲ್ಲಿ ಅರ್ಧ ಪುಟ ಬಂದಿದೆ ಎಂದೆ. ನಕ್ಕ. ಅವನ ಸ್ಟಾಪ್ ದಾಟಿದ ಮೇಲೆ ಸೀಟಿ ಊದಿದೆ. ನಡೆದುಕೊಂಡು ಹೋಗಲಿ.

ನವೆಂಬರ್ 5

ಭಾನುವಾರ ಸೋಮನಹಳ್ಳಿಯಲ್ಲಿ ಶಶಿಗೆ ಸನ್ಮಾನವಂತೆ. ಅಧ್ಯಕ್ಷತೆ ಯಾರದ್ದು? ಹೈವೇ ಹೋಟೆಲಿನ ರಾಜೇಂದ್ರನದ್ದು! ಶಶಿ ಪಾಠ ಮಾಡುವ ಕ್ಲಾಸಿನ ಬಿಮಲಾ, ನೇಪಾಳದಿಂದ ಬಂದವಳು, ಅವಳ ಅಪ್ಪ ಅಮ್ಮ ದುಡಿಯುವುದು ಇವನ ಅಡುಗೆಮನೆಯಲ್ಲೇ, ಮಲಗುವುದು ಇವನ ಶೆಡ್ಡಿನಲ್ಲೇ. ಹತ್ತು ವರ್ಷದ ಹುಡುಗಿಯ ಕೈಯಲ್ಲಿ ತಟ್ಟೆ ತೊಳೆಸುತ್ತಾನೆ ನೀಚ. ಶಾಲೆಗೆ ಹೋದ ದಿನ ಅನ್ನವಿಲ್ಲ. ಶಶಿ ಬರೆದದ್ದು ಅದನ್ನೇ. ಹುಡುಗಿಯನ್ನು ಹುಡುಗ ಮಾಡಿದ್ದಾಳೆ, ಹೋಟೆಲನ್ನು ಅಕ್ಕಿ ಗಿರಣಿ. ನನಗೇ ಗುರುತು ಸಿಗಲಿಲ್ಲ, ಅವಳೇ ಹೇಳಬೇಕಾಯಿತು.

"ಯಾರ್ತಾವೂ ಬಾಯ್ ಬುಡಬ್ಯಾಡಿ. ಗೊತ್ತಾದ್ರೆ ಅವ್ರ್ನ ಬೀದಿಗ್ ತಳ್ತಾನೆ" ಎಂದಿದ್ದಾಳೆ.

ನನಗೇನು ಹುಚ್ಚೆ?

ನವೆಂಬರ್ 9, ಭಾನುವಾರ, ಸಂಜೆ

ಶಾಲು, ಹಾರ, ಹಣ್ಣಿನ ಬುಟ್ಟಿ. ಮಕ್ಕಳು ಸಾಲುಗಟ್ಟಿ ಸಹಿ ಹಾಕಿಸಿಕೊಂಡರು. ನನ್ನ ಹೆಂಡತಿ! ನೆಲದ ಮೇಲೆ ಕಾಲು ನಿಲ್ಲಲಿಲ್ಲ ನನಗೆ.

ಆಮೇಲೆ ರಾಜೇಂದ್ರ ಮೈಕು ಹಿಡಿದ. "ಮೇಡಮ್ನೋರು ಸಂದಾಗ್ ಬರ್ದವ್ರೆ. ಆದ್ರೆ ಎಲ್ಲಾ ಕಟ್ಕತೆ. ಮಂಡ್ಯ ಜಿಲ್ಲೇಲಿ ಮಗೀಗೆ ಅನ್ನ ಇಕ್ದಿರೋನು ಯಾವನವ್ನೆ?" ಇಂಟರ್‌ನೆಟ್ಟಿನಿಂದ ಎತ್ತಿರಬೇಕು ಅಂತಲೂ ಸೇರಿಸಿದ. ಎಲ್ಲರೂ ನಕ್ಕರು. ಶಶಿ ತಲೆ ತಗ್ಗಿಸಿ ತಾನೂ ನಕ್ಕಳು. ಅದನ್ನು ನೋಡಲಾಗಲಿಲ್ಲ...

ಕಾಫಿ ಟೇಬಲ್ ಹತ್ತಿರ ಅವನನ್ನು ಹಿಡಿದೆ. "ನಲ್ವತ್ತೊಂದ್ನೇ ಪುಟ ಓದ್ಕೊಳ್ಳಲಾ. ಕಟ್ಕತೆ ಅಲ್ಲ, ನಿನ್ ಅಡ್ಗೆಮನೆ ಕತೆ."

ಬಾಯಲ್ಲಿದ್ದ ವಡೆ ಇಳಿಯಲಿಲ್ಲ ಅವನಿಗೆ. ಖುಷಿಯಾಯಿತು. ಮನೆವರೆಗೂ ಶಿಳ್ಳೆ ಹಾಕಿಕೊಂಡು ಬಂದೆ.

ನವೆಂಬರ್ 11

ಬಿಮಲಾ ಎರಡು ದಿನದಿಂದ ಶಾಲೆಗೆ ಬಂದಿಲ್ಲವಂತೆ. ಜ್ವರ ಇರಬಹುದು ಎಂದೆ.

ನವೆಂಬರ್ 12

ಶಶಿ ಹೋಟೆಲಿಗೇ ಹೋಗಿದ್ದಳು. ಶೆಡ್ಡು ಖಾಲಿ. ಭಾನುವಾರವೇ ಗಂಟುಮೂಟೆ ಹೊರಗೆಸೆದಿದ್ದಾನೆ. ಎಲ್ಲಿಗೆ ಹೋದರೋ ಯಾರಿಗೂ ಗೊತ್ತಿಲ್ಲ. ರಾಜೇಂದ್ರ ಕಟುಕ... ಅವನನ್ನು ಬೈಯುವುದು ಸುಲಭ.

ನವೆಂಬರ್ 16, ಭಾನುವಾರ, ಬೆಳಿಗ್ಗೆ 10

ಮದ್ದೂರು ಸ್ಟೇಷನ್, ಮಂಡ್ಯ, ಮಳವಳ್ಳಿ ಬಸ್ ಸ್ಟ್ಯಾಂಡ್ — ಮೂರು ದಿನ ಹುಡುಕಿದೆ. ಇಲ್ಲ.

ಶಶಿ ನನ್ನನ್ನು ಒಂದು ಮಾತೂ ಕೇಳಿಲ್ಲ. ಅನುಮಾನವೇ ಇಲ್ಲ ಅವಳಿಗೆ. "ನಾನೇ ಸರ್ಯಾಗ್ ಮುಚ್ಲಿಲ್ಲ ಕಣ್ರೀ. ನನ್ ಪುಸ್ತಕ್ವೇ ಅವ್ರ್ನ ಇಡ್ಕೊಟ್ಬುಡ್ತು" ಎಂದಳು. ನಾಲ್ಕನೇ ಮುದ್ರಣ ಬೇಡ ಎಂದು ಪ್ರಕಾಶಕರಿಗೆ ಫೋನ್ ಮಾಡಿದಳು. ಇನ್ನು ಬರೆಯುವುದಿಲ್ಲವಂತೆ. ಈಗ ನಡುಮನೆಯಲ್ಲಿ ಕೂತು ಎರಡನೇ ಕಾದಂಬರಿಯ ಹಾಳೆಗಳನ್ನು ಅರ್ಧರ್ಧ ಹರಿಯುತ್ತಿದ್ದಾಳೆ, ಶಾಲೆ ಮಕ್ಕಳ ರಫ್ ವರ್ಕಿಗೆ. ಹಿಂಬದಿ ಖಾಲಿ ಇದೆಯಲ್ಲ.

ಥೂ ನನ್ನ ಬಾಯಿಗೆ.

ಒಂದೊಂದು ಹಾಳೆ ಹರಿಯುವುದೂ ಇಲ್ಲಿಗೆ ಕೇಳಿಸುತ್ತಿದೆ. ಎದ್ದು ಹೋಗಬೇಕು. ಹೇಳಬೇಕು — ಶಶಿ, ನೀನು ಸರಿಯಾಗಿಯೇ ಮುಚ್ಚಿದ್ದೆ. ಬಾಯಿ ಬಿಟ್ಟವನು —