ಮಂಚದ ಕಂಬಿಯ ಸದ್ದು

ಮನೆಯಿಂದ,
ಜೂನ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕುತ್ತಿಗೆ ನೋವು ಈಗ ಹೇಗಿದೆ? ಹೋದ ಸಲ ಫೋನಿನಲ್ಲಿ ನೀನು ಬಹಳ ಹೊತ್ತು ಅದನ್ನೇ ಹೇಳಿಕೊಂಡೆ. ಅಪ್ಪನ ವಿಷಯಕ್ಕೆ ಬರುವಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರೆಂದು ನೀನು ಫೋನ್ ಇಟ್ಟುಬಿಟ್ಟೆ. ನೀನು ಕೇಳದ ಪ್ರಶ್ನೆಗೂ ಉತ್ತರ ಬರೆಯುವುದು ನನ್ನ ಹಳೆಯ ಅಭ್ಯಾಸ. ಅಪ್ಪ ಹಾಗೆಯೇ ಇದ್ದಾರೆ. ಬಲಗೈ ಏಳುವುದಿಲ್ಲ, ಮಾತು ಮರಳಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ಮಂಚದ ಕಬ್ಬಿಣದ ಕಂಬಿಗೆ ತಟ್ಟಿ ನನ್ನನ್ನು ಕರೆಯುತ್ತಾರೆ. ಒಮ್ಮೆ ತಟ್ಟಿದರೆ ನೀರು. ಬಿಡದೆ ತಟ್ಟಿದರೆ ಮಗ್ಗುಲು ಬದಲಿಸಬೇಕು. ಹೊಲಿಗೆ ಯಂತ್ರದ ಗದ್ದಲದಲ್ಲಿಯೂ ಆ ಸದ್ದು ನನಗೆ ಕೇಳಿಸುತ್ತದೆ. ಇಷ್ಟು ವರ್ಷಗಳಿಂದ ಕಿವಿ ಅದಕ್ಕೇ ಮೀಸಲಾಗಿದೆ.

ಈಗ ಸುದ್ದಿ. ನೀನು ಕೇಳಿ ನಕ್ಕೆಯಲ್ಲ, ವಿಶ್ವವಿದ್ಯಾಲಯದ ಆ ಪ್ರಾದೇಶಿಕ ಕೇಂದ್ರಕ್ಕೇ ಗಣಿತದ ಪದವಿಗಾಗಿ ಅರ್ಜಿ ಹಾಕಿದೆ. “ಅಕ್ಕಾ, ಅದು ಯೂನಿವರ್ಸಿಟಿ ಅಲ್ಲ, ಬಸ್ ಸ್ಟ್ಯಾಂಡು” ಎಂದಿದ್ದೆ. ಪೂರ್ತಿ ಸುಳ್ಳಲ್ಲ. ನೀನು ಓದಿದ ಮುಖ್ಯ ಕೇಂದ್ರದಲ್ಲಿರುವಂಥ ಹುಲ್ಲುಹಾಸೂ ಅಲ್ಲಿಲ್ಲ, ವಿದ್ಯಾರ್ಥಿನಿಲಯವೂ ಇಲ್ಲ. ಎಲ್ಲರೂ ಬೆಳಿಗ್ಗೆ ಬಂದು ಸಂಜೆ ಮನೆಗೆ ಮರಳುವವರು. ಸೂಚನಾ ಫಲಕದಲ್ಲಿ ಪಾಠಗಳ ವೇಳಾಪಟ್ಟಿಗಿಂತ ಬಸ್ಸುಗಳ ವೇಳಾಪಟ್ಟಿಯೇ ದೊಡ್ಡದು. ಮೆಟ್ಟಿಲ ಮೇಲೆ ದಾದಿಯ ಸಮವಸ್ತ್ರದಲ್ಲಿಯೇ ಕುಳಿತ ಒಬ್ಬಾಕೆ ಒಂದು ಕೈಯಲ್ಲಿ ಊಟ ಮಾಡುತ್ತ ಇನ್ನೊಂದು ಕೈಯಲ್ಲಿ ಪುಸ್ತಕದ ಹಾಳೆ ತಿರುವುತ್ತಿದ್ದಳು. ನಿನ್ನ ಹುಲ್ಲುಹಾಸನ್ನು ಕಂಡಾಗ ನನಗೆ ಹೊಟ್ಟೆಕಿಚ್ಚಾಗಿರಲಿಲ್ಲ. ಅವಳನ್ನು ಕಂಡಾಗ ಆಯಿತು. ನೀನು ಇನ್ನೊಂದು ಮಾತನ್ನೂ ಹೇಳಿದ್ದೆ: “ಹತ್ರಾನೇ ಇದೆಯಲ್ಲ, ಅಡುಗೆ ಮುಗಿಸಿ ಹೋಗಿ ಬಂದರಾಯ್ತು ಬಿಡು.” ಹೋಗಿ ಬರುವುದರ ನಡುವೆ ಅಪ್ಪನ ಬಳಿ ಯಾರಿರಬೇಕೆಂಬುದು ಆ ಮಾತಿನಲ್ಲಿ ಎಲ್ಲಿಯೂ ಇರಲಿಲ್ಲ. ಬೀಜಗಣಿತವನ್ನು ನಿನಗೆ ಕಲಿಸಿದವಳು ನಾನು. ಬೇಡದ ಪದವನ್ನು ಸದ್ದಿಲ್ಲದೆ ಬಿಟ್ಟುಬಿಡುವುದನ್ನು ಮಾತ್ರ ನೀನಾಗಿಯೇ ಕಲಿತೆ.

ಓದು ಬಿಟ್ಟು ಬಹುಕಾಲವಾದವರನ್ನು ಅಲ್ಲಿ ಎದುರು ಕೂರಿಸಿ ಮಾತನಾಡಿಸಿಯೇ ಸೇರಿಸಿಕೊಳ್ಳುತ್ತಾರೆ. ಪಕ್ಕದ ಮನೆಯ ಅಜ್ಜಿಯನ್ನು ಅಪ್ಪನ ಬಳಿ ಕೂರಿಸಿ ಹೋದೆ. ಲೆಕ್ಕಗಳನ್ನು ಕೇಳಿದರು, ಹೇಳಿದೆ. ಎಲ್ಲವೂ ನೆಟ್ಟಗೆ ನಡೆಯುತ್ತಿರುವಾಗ ಪ್ರಾಂಶುಪಾಲರು ಏನೋ ಯೋಚಿಸುತ್ತ ಲೇಖನಿಯಿಂದ ನೀರಿನ ಲೋಟಕ್ಕೆ ತಟ್ಟತೊಡಗಿದರು. ನಾನು ಎದ್ದು ನಿಂತು “ಬಂದೆ ಅಪ್ಪಾ” ಎಂದೆ. ಅವರು ನಕ್ಕರು. ಪಕ್ಕದಲ್ಲಿದ್ದ ಗಣಿತದ ಅಧ್ಯಾಪಕಿ ಮಾತ್ರ ನಗಲಿಲ್ಲ. “ಕೂತ್ಕೊಳ್ಳಿ” ಎಂದು ಎಲ್ಲವನ್ನೂ ಕೇಳಿ ತಿಳಿದುಕೊಂಡರು. “ಇಲ್ಲಿ ದಿನಾ ಬರಲೇಬೇಕಮ್ಮ. ಮನೆಯಲ್ಲಿ ಆ ಸದ್ದಿಗೆ ಏಳೋರು ಯಾರು?” ಎಂದರು. “ನನ್ನ ತಮ್ಮ ಇದ್ದಾನೆ” ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಇಷ್ಟು ಸರಳವಾದ ವಾಕ್ಯವನ್ನು ನಮ್ಮ ಮನೆಯಲ್ಲಿ ಈವರೆಗೆ ಯಾರೂ ಆಡಿರಲಿಲ್ಲ. ಸೀಟು ಸಿಕ್ಕಿತು.

ಅಪ್ಪನಿಗೂ ತಿಳಿಸಿದೆ. ಕಣ್ಣು ಮುಚ್ಚಿಕೊಂಡರು. ಆ ಮಧ್ಯಾಹ್ನ ಹಳೆಯ ಪುಸ್ತಕ ತೆರೆದು ಕುಳಿತೆ. ಕಂಬಿಯ ಸದ್ದೇ ಇಲ್ಲ. ನಿದ್ರಿಸುತ್ತಿರಬಹುದೆಂದುಕೊಂಡೆ. ಕೊನೆಗೆ ಹೋಗಿ ನೋಡಿದರೆ ಎಚ್ಚರವಾಗಿಯೇ ಇದ್ದರು. ಹಾಸಿಗೆಯೆಲ್ಲ ಒದ್ದೆ, ಚಮಚ ಬಿಗಿದ ಮುಷ್ಟಿಯಲ್ಲಿತ್ತು. ಅದು ನನ್ನ ಓದಿಗೆ ಬಿಟ್ಟುಕೊಟ್ಟ ಸಮಯವೋ, ನನಗೆ ಕೊಟ್ಟ ಶಿಕ್ಷೆಯೋ, ನಾನರಿಯೆ. ಎರಡರಲ್ಲಿ ಯಾವುದಾದರೂ ಸರಿ, ಇನ್ನೊಮ್ಮೆ ಅದನ್ನು ನೋಡಲಾರೆ.

ನಿನ್ನ ಹೆಂಡತಿಗೆ ಆಫೀಸಿನ ದಣಿವೇ ಸಾಕಷ್ಟಿದೆ. ಅವಳ ಹೆಗಲಿಗೆ ಅಪ್ಪನ ಆರೈಕೆಯನ್ನು ದಾಟಿಸಬೇಡ. ಅಪ್ಪ ನಿನಗೆ ಅಪ್ಪ. ಅವಳನ್ನು ನಾನು ಕೇಳಿದೆನೆಂದು ತಿಳಿಸು. ಮಕ್ಕಳು ಚೆನ್ನಾಗಿ ಓದಲಿ, ಒಬ್ಬರ ಓದಿಗೆ ಇನ್ನೊಬ್ಬರು ಮನೆ ಕಾಯುವ ಗತಿ ಅವರಿಗೆ ಬಾರದಿರಲಿ ಎಂದು ಹರಸುತ್ತೇನೆ. ನಿನಗೂ ಒಳ್ಳೆಯದಾಗಲಿ.

ಇಂತು,
ನಿನ್ನ ಅಕ್ಕ

ಮರೆತಿದ್ದೆ: ಸೋಮವಾರದಿಂದ ತರಗತಿಗಳು. ಭಾನುವಾರ ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಅಪ್ಪನನ್ನು ಕರೆತಂದು ನಿನ್ನ ಮನೆಯಲ್ಲಿ ಬಿಟ್ಟು, ಅದೇ ಕಾರಿನಲ್ಲಿ ಮರಳುತ್ತೇನೆ. ನಿಮ್ಮ ಅಂಗಳದ ಕಡೆಯ ಕೋಣೆಯನ್ನು ತೆರವು ಮಾಡಿಡು. ಅಲ್ಲಿರುವ ಮಂಚ ಮರದ್ದು, ಚಮಚದಿಂದ ತಟ್ಟಿದರೆ ಸದ್ದು ಹೊರಡದು. ಎಡಗೈಗೆ ಎಟುಕುವಂತೆ ಒಂದು ಸ್ಟೀಲ್ ತಟ್ಟೆ ಕಟ್ಟಿಡು. ಇಲ್ಲವಾದರೆ ಅವರು ಕರೆಯುತ್ತಲೇ ಇರುತ್ತಾರೆ, ನಿನಗೆ ಕೇಳಿಸುವುದಿಲ್ಲ.