ದೋಣಿ ಮುಳುಗುವ ದೃಶ್ಯದ ಬಗ್ಗೆ

ಗೆಳೆಯಾ ನಾಗೇಶ,

ನಾನು ಬರೆದದ್ದನ್ನು ನೀನು ಒಮ್ಮೆಯೂ ಓದಲಿಲ್ಲ. ಕುಮಟೆಯ ವಾರಪತ್ರಿಕೆಗೆ, ಮನೆಯಲ್ಲಿ ನೋಡಿದ ಸಿನಿಮಾಗಳ ಬಗ್ಗೆ ನಾನು ಬರೆಯುತ್ತಿದ್ದ ಅಂಕಣವನ್ನು ತೋರಿಸಿದಾಗಲೆಲ್ಲ, "ನೋಡಿದ್ದನ್ನೇ ಮತ್ತೆ ಓದೂದು ಎಂತಕೆ ಮಾರಾಯಾ?" ಎಂದು ನೀನು ಹಾಳೆ ಮಡಚಿ ವಾಪಸು ಕೊಡುತ್ತಿದ್ದೆ. ಈ ಪತ್ರದಲ್ಲೂ ಒಂದು ಸಿನಿಮಾ ಇದೆ, ನೀನು ನೋಡಿದ್ದೇ. ಆದರೆ ನೀನು ಹೋದ ಮೇಲೆ ಅದನ್ನು ಇನ್ನೊಮ್ಮೆ ನೋಡಿದೆವು, ನಿನ್ನ ಅವ್ವಿ ಮತ್ತು ನಾನು. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕಾಲೇಜಿನಲ್ಲಿ ಪಾಠ ಅರ್ಧಕ್ಕೆ ಬಿಟ್ಟು ಕಿಟಕಿಗೆ ಹೋಗಿ ನಿಲ್ಲುತ್ತೇನೆ. ಹುಡುಗರು ಕಾಯುತ್ತಾರೆ, ನಾನು ಏನು ಹೇಳುತ್ತಿದ್ದೆ ಎಂಬುದೇ...

ವೀಸಿಆರ್ ಬಂದ ದಿನ ನೆನಪಿದೆಯೇ? ಭಟ್ಕಳದ ನನ್ನ ಸಹೋದ್ಯೋಗಿಯೊಬ್ಬರ ಅಣ್ಣ ದುಬೈಯಿಂದ ತಂದದ್ದನ್ನು ನಾನು ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊನ್ನಾವರದವರೆಗೆ ತಂದೆ. ಬಸ್‌ಸ್ಟ್ಯಾಂಡಿನಿಂದ ಮನೆಗೆ ತಂದವನು ನೀನು, ಮೀನುಬುಟ್ಟಿಯ ಸಿಂಬೆಯನ್ನು ತಲೆಗಿಟ್ಟು ಅದರ ಮೇಲೆ ಹೊತ್ತು. ಮಳೆಗಾಲ. ದೋಣಿಗಳನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸಿಟ್ಟಿದ್ದ ದಿನಗಳು. ಮಧ್ಯಾಹ್ನ ಊಟವಾದ ಮೇಲೆ ನಿಮ್ಮ ಕೇರಿಯ ಹತ್ತು ಹನ್ನೆರಡು ಮಂದಿ ನಮ್ಮ ನಡುಮನೆಯಲ್ಲಿ ಸೇರುತ್ತಿದ್ದರು. ನಿನ್ನ ಅವ್ವಿ ಬಾಗಿಲ ಪಕ್ಕ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ನೀನು ಎಲ್ಲರಿಗಿಂತ ಮುಂದೆ, ಟೀವಿಯನ್ನು ಯಾರೋ ಹೊತ್ತೊಯ್ದುಬಿಡುತ್ತಾರೆಂಬ ಹಾಗೆ.

ಮೊದಲ ಸಿನಿಮಾದಲ್ಲೇ ನಿನ್ನ ಮಾತು ಶುರುವಾಯಿತು. ತೆರೆಯ ಕೆಳಗಡೆ ದುಬೈಯ ಚಿನ್ನದಂಗಡಿಯ ಜಾಹೀರಾತು ಹರಿಯುತ್ತಿತ್ತು, ಮೇಲೆ ನಾಯಕನ ತಾಯಿ ಹರಕು ಸೀರೆಯಲ್ಲಿ ಅಳುತ್ತಿದ್ದಳು. "ಕೆಳಗೆ ಅಷ್ಟೆಲ್ಲ ಬಂಗಾರ ಓಡ್ತಾ ಉಂಟು, ಒಂದು ಬಳೆ ತಕೊಂಡ್ರೆ ಇವಳ ಕಷ್ಟ ಮುಗೀತಿತ್ತು" ಎಂದೆ. ಮನೆಯೇ ನಕ್ಕಿತು. ನಾಯಕಿ ಬುಟ್ಟಿ ಹೊತ್ತು ಹಾಡುತ್ತ ಕುಣಿದಾಗ, "ಬುಟ್ಟಿಲಿ ಮೀನಿಲ್ಲ, ಹುಲ್ಲು" ಎಂದೆ. ಹೊಡೆದಾಟದ ಸಿನಿಮಾಗಳನ್ನು ನೀನು ನಂಬುತ್ತಿರಲಿಲ್ಲ. ಹೊಡೆಸಿಕೊಂಡವನು ಮರುದಿನ ಎದ್ದು ಓಡಾಡುತ್ತಾನೆ, ಅದೆಲ್ಲಿ ಸಾಧ್ಯ? ಊಟ ತೋರಿಸದ ಸಿನಿಮಾವನ್ನಂತೂ ಸಿನಿಮಾ ಎಂದೇ ಒಪ್ಪುತ್ತಿರಲಿಲ್ಲ. "ಮೂರು ತಾಸು ಆತು, ಒಬ್ಬನೂ ಒಂದು ತುತ್ತು ಅನ್ನ ತಿನ್ಲಿಲ್ಲ. ಇವ್ರು ಮನುಷ್ಯರಾ?" ನಿನ್ನ ಈ ಮಾತನ್ನು ಮೆಲ್ಲಗೆ ತಿದ್ದಿ ನನ್ನ ಅಂಕಣದಲ್ಲಿ ಹಾಕಿದ್ದೆ. ನಿನ್ನ ಹೆಸರು ಹಾಕಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಒಮ್ಮೆ ನಿನ್ನನ್ನು ಸೋಲಿಸಬೇಕೆಂದೇ ನನಗೆ ಇಷ್ಟವಾದದ್ದೊಂದನ್ನು ಹಾಕಿದೆ. ಕಪ್ಪುಬಿಳುಪು, ಮಾತು ಕಡಿಮೆ. ಒಬ್ಬ ಮುದುಕ ನದಿಯ ದಂಡೆಯಲ್ಲಿ ಸುಮ್ಮನೆ ಕೂತಿರುತ್ತಾನೆ, ಬಹಳ ಹೊತ್ತು. ಉಳಿದವರು ಒಬ್ಬೊಬ್ಬರಾಗಿ ಎದ್ದು ಹೋದರು. ನೀನು ಕೊನೆಯವರೆಗೂ ಕದಲಲಿಲ್ಲ. "ಇದು ಚೊಲೋ ಉಂಟು" ಎಂದೆ. ಯಾಕೆಂದು ಕೇಳಿದರೆ, "ಅಂವ ನೀರಿನ ಇಳಿತ ಕಾಯ್ತಾ ಇದ್ದ. ಕಾಯೂದು ಅಂದ್ರೆ ಹಾಗೇ" ಎಂದೆ. ಆ ಚಿತ್ರದ ಬಗ್ಗೆ ನಾನು ಎರಡು ಪುಟ ಬರೆದಿದ್ದೆ. ಇಳಿತ ಎಂಬ ಪದ ಎಲ್ಲೂ ಬಂದಿರಲಿಲ್ಲ. ಅವತ್ತು ನನಗೆ ನಿನ್ನ ಮೇಲೆ ಸಿಟ್ಟು ಬಂತು. ಅದು ಸಿಟ್ಟೇ ಎಂದು ಒಪ್ಪಿಕೊಳ್ಳಲು ಇಷ್ಟು ವರ್ಷ ಬೇಕಾಯಿತು. ಮುಂದೆ ಆದದ್ದರಲ್ಲಿ ಆ ಸಿಟ್ಟಿನ ಪಾಲೂ ಇತ್ತೋ ಏನೋ.

ನಿನ್ನ ತಮ್ಮ ಮಾದೇವ ಹೋಗಿ ಆಗಲೇ ಏಳು ವರ್ಷವಾಗಿತ್ತು. ಆಗ ನಾನು ಧಾರವಾಡದಲ್ಲಿದ್ದೆ, ಸುದ್ದಿ ಮಾತ್ರ ಗೊತ್ತು. ನೂಲುಹುಣ್ಣಿಮೆಗೆ ಕಡಲಿಗೆ ಕಾಯಿ ಕೊಟ್ಟು, ಎರಡನೆಯ ದಿನ ನೀವು ಮೂವರು ದೋಣಿ ಇಳಿಸಿದಿರಿ: ನೀನು, ಮಾದೇವ, ನಿಮ್ಮದೇ ಕೇರಿಯ ಹೊನ್ನಪ್ಪ. ಮಳೆಗಾಲದಲ್ಲಿ ಅಳಿವೆಯ ಮರಳು ಜಾಗ ಬದಲಿಸಿತ್ತು. ಶರಾವತಿ ಕಡಲು ಸೇರುವ ಆ ಬಾಯಲ್ಲೇ ಅಲೆ ದೋಣಿಯನ್ನು ಮಗುಚಿತು. ಇಬ್ಬರು ಬಂದಿರಿ. ಮಾದೇವ ಮೂರನೆಯ ದಿನ ಅಪ್ಸರಕೊಂಡದ ಕೆಳಗಿನ ದಂಡೆಗೆ ಬಂದ. "ಅಲೆ ಬಂತು, ಹೋದ" ಎಂಬಷ್ಟನ್ನು ಬಿಟ್ಟರೆ ನೀನು ಅವ್ವಿಗೆ ಏನನ್ನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ನಿಮ್ಮ ಕೇರಿಯಲ್ಲಿ ಕಡಲು ಒಯ್ದವರ ಬಗ್ಗೆ ಹೇಗೆ ಎಂದು ಯಾರೂ ಕೇಳುವುದಿಲ್ಲವಲ್ಲ.

ಆ ಹಿಂದಿ ಸಿನಿಮಾ ಹಾಕಿದ್ದು ಆಷಾಢದ ಒಂದು ಮಧ್ಯಾಹ್ನ. ಅದರಲ್ಲಿ ದೋಣಿ ಮುಳುಗುತ್ತದೆಂದು ನನಗೆ ಗೊತ್ತಿತ್ತು. ನಾನು ಮೊದಲೇ ನೋಡಿ, ಹೊಗಳಿ ಬರೆದೂ ಆಗಿತ್ತು. ನಿಮ್ಮ ನೆನಪು ನನಗೆ ಬರಲೇ ಇಲ್ಲ ಎಂದರೆ ನಂಬುತ್ತೀಯಾ? ಅಣ್ಣ ತಮ್ಮ ಇಬ್ಬರೂ ನೀರಿನಲ್ಲಿ. ತಮ್ಮ ಅಣ್ಣನನ್ನು ಕೂಗುತ್ತಾನೆ, ಮತ್ತೆ ಮತ್ತೆ, ಗಂಟಲು ಹರಿಯುವಂತೆ. ಅಣ್ಣ ಕೇಳಿಸಿಕೊಂಡು ಮುಖ ಆಚೆ ತಿರುಗಿಸುತ್ತಾನೆ. ಆಗ ಬಾಗಿಲ ಪಕ್ಕದಿಂದ ನಿನ್ನ ಅವ್ವಿಯ ದನಿ ಬಂತು. "ಮಾದೇವನೂ ಹಿಂಗೇ ಕೂಗಿದ್ನಾ?"

"ಇಲ್ಲ ಅವ್ವಿ" ಎಂದೆ ನೀನು, ತಿರುಗಿ ನೋಡದೆ. "ನೀರಲ್ಲಿ ಹೋಗುವವ ಕೂಗೂದಿಲ್ಲ. ಬಾಯಿ ತೆಗೆದ್ರೆ ನೀರೇ ಒಳಗೆ ಹೋಗ್ತದೆ. ಇವ್ರು ಸುಳ್ಳು ಮಾಡಿದಾರೆ."

ನಾನು ಸುಮ್ಮನಿರಬಹುದಿತ್ತು. ಟೀವಿ ಆರಿಸಬಹುದಿತ್ತು. "ಸುಳ್ಳಲ್ಲ ನಾಗೇಶ" ಎಂದೆ. "ಇಡೀ ಸಿನಿಮಾದಲ್ಲಿ ಸತ್ಯ ಇರೂದು ಇದೊಂದೇ ಕಡೆ. ಜೀವಕ್ಕೆ ಬಂದಾಗ ಯಾರಾದ್ರೂ ಹೀಗೇ ಮುಖ ತಿರುಗಿಸ್ತಾರೆ. ಮನುಷ್ಯ ಅಂದ್ರೆ ಇಷ್ಟೇ." ಅಂಕಣದಲ್ಲಿ ಬರೆದ ವಾಕ್ಯವನ್ನೇ ಹೇಳಿದ್ದೆ, ಅಕ್ಷರ ಬಿಡದೆ. ನಿನ್ನ ಅವ್ವಿ ಎದ್ದು, ಸೆರಗು ಸರಿಮಾಡಿಕೊಂಡು, ಮಳೆಯಲ್ಲೇ ಮನೆಗೆ ಹೋದಳು.

ಆಮೇಲೆ ನಿಮ್ಮ ಮನೆಯಲ್ಲಿ ಮಾತು ನಿಂತಿತು. ಅವಳು ಲೆಕ್ಕ ಹಾಕಿದ್ದಳು: ಮಾದೇವ ಕೂಗಿದ್ದರೆ ನಿನಗೆ ಕೇಳಿರಬೇಕು. ಕೇಳಿಯೂ ನೀನು ಒಬ್ಬನೇ ಬಂದೆ. ಕಲಿತವನು ಹೇಳಿದ್ದಾನಲ್ಲ, ಯಾರಾದರೂ ಹಾಗೇ ಮಾಡುತ್ತಾರೆಂದು. ಅನ್ನ ಬಡಿಸುತ್ತಿದ್ದಳು, ನಿನ್ನ ಬಟ್ಟೆ ಒಗೆಯುತ್ತಿದ್ದಳು, ನಿನ್ನ ಹೆಸರು ಹಿಡಿದು ಮಾತ್ರ ಕರೆಯುತ್ತಿರಲಿಲ್ಲ. ನೀನು ಸಿನಿಮಾಕ್ಕೆ ಬರುವುದು ಬಿಟ್ಟೆ. ನೀನಿಲ್ಲದೆ ಉಳಿದವರೂ ಬಿಟ್ಟರು. ನಾನೊಬ್ಬನೇ ಕೂತು ನೋಡುತ್ತಿದ್ದೆ. ಏನು ನೋಡಿದೆನೋ ನೆನಪಿಲ್ಲ.

ಒಂದು ಸಂಜೆ ನೀನು ದಂಡೆಯಲ್ಲಿ ಬಲೆ ಹೆಣೆಯುತ್ತಿದ್ದೆ. ನನ್ನನ್ನು ನೋಡಿ ತಲೆ ತಗ್ಗಿಸಿಕೊಂಡೇ ಹೇಳಿದೆ. "ನೀ ಒಂದ್ಸಲ ಬಂದು ಅವ್ವಿಗೆ ಹೇಳು. ಸಿನಿಮಾ ಸುಳ್ಳು ಅಂತ. ನೀ ಹೇಳಿದ್ರೆ ನಂಬ್ತದೆ."

"ನೀನೇ ಹೇಳಬಹುದಲ್ಲ, ಅವತ್ತು ಎಂತ ಆತು ಅಂತ."

"ಹುಡುಕಿದೆ ಅಂತ ಹೇಳ್ಲಾ? ಹುಡುಕಿದೆ ಅಂದ್ರೆ ಸಿಗ್ಲಿಲ್ಲ ಅಂತ ಹೇಳಿದ ಹಾಗೇ ಅಲ್ದಾ?" ನೀನು ದಾರದ ಗಂಟನ್ನು ಹಲ್ಲಿನಿಂದ ಬಿಗಿದೆ. "ಹೊನ್ನಪ್ಪಂಗೂ ಹೇಳ್ಬೇಡ ಅಂದಿದ್ದೆ."

ಹೇಳುತ್ತೇನೆ ಎಂದೆ ನಾನು. ನಾಳೆ ಎಂದೂ ಅಂದೆ. ಆಮೇಲೆ ಪರೀಕ್ಷೆ ಬಂತು, ಪೇಪರು ತಿದ್ದುವುದು ಬಂತು. ಸುಳ್ಳು. ಅದೆಲ್ಲ ಇದ್ದರೂ ನಿನ್ನ ಮನೆ ನನ್ನ ಮನೆಯಿಂದ ನೂರು ಹೆಜ್ಜೆ. ಆ ದೃಶ್ಯದ ಬಗ್ಗೆ ನನಗೇನೂ ಗೊತ್ತಿರಲಿಲ್ಲ ಎಂದು ಅವಳ ಮುಂದೆ ಒಪ್ಪಿಕೊಳ್ಳಬೇಕಿತ್ತು. ಅದು ಆಗಲಿಲ್ಲ. ಮುಳುಗುವವರನ್ನು ನಾನು ಎಲ್ಲಿ ನೋಡಿದ್ದೆ? ಟೀವಿಯಲ್ಲಿ.

ಹೋದ ಚೈತ್ರದಲ್ಲಿ ನೀನು ಕುಮಟೆಯ ಮೀನುಪೇಟೆಯಲ್ಲಿ ಬುಟ್ಟಿ ಇಳಿಸಿ, ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಟೆಂಪೋದಲ್ಲಿ ನಿನ್ನನ್ನು ತಂದರು. ನಿನ್ನ ಅವ್ವಿ ಅಳಲಿಲ್ಲ. ಕಾಲಬದಿಯಲ್ಲಿ ಕೂತು, "ಇಂವಗೂ ಹೇಳೂದು ಉಳೀತು" ಎಂದಳಷ್ಟೇ. ಯಾರು ಯಾರಿಗೆ ಹೇಳುವುದು ಉಳಿಯಿತೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಹದಿಮೂರನೆಯ ದಿನ ಕಳೆದ ಮೇಲೆ ಹೋದೆ. ಅವಳು ಹಿತ್ತಲಲ್ಲಿ ಒಣಮೀನು ಹರವುತ್ತಿದ್ದಳು. ನಿಂತೇ ಹೇಳಿದೆ, ಅವತ್ತು ಗೊತ್ತಿಲ್ಲದೆ ಮಾತಾಡಿದೆ, ನಾಗೇಶ ಹೇಳಿದ್ದೇ ಸರಿ ಎಂದು. ಅವಳು ಕೈ ನಿಲ್ಲಿಸಲಿಲ್ಲ.

"ನೀ ಕಲ್ತವ" ಎಂದಳು. "ಅವತ್ತು ಸತ್ಯ ಅಂದಿ, ಇವತ್ತು ಸುಳ್ಳು ಅಂತಿ. ಅಂವ ಸತ್ತ ಕಾರಣಕ್ಕೆ ಹೀಗೆ ಹೇಳ್ತಿಯೋ, ಅದೇ ಸತ್ಯ ಅಂತ ಹೇಳ್ತಿಯೋ? ನಿನ್ನ ಮಾತು ನಂಗೆ ಬ್ಯಾಡ. ಆ ಸಿನಿಮಾ ಮತ್ತೆ ತೋರ್ಸು. ನಾನೇ ನೋಡ್ತೆ."

ಕ್ಯಾಸೆಟ್ ತರಲು ಮರುದಿನ ಭಟ್ಕಳಕ್ಕೆ ಹೋದೆ. ಅಂಗಡಿಯವರು ಕಪಾಟಿನ ಹಿಂದಿನಿಂದ ತೆಗೆದು ಧೂಳು ಒರೆಸಿ, "ಮಾಸ್ಟರ್, ಇದನ್ನ ಎರಡು ಸಲ ಯಾರೂ ಒಯ್ಯೂದಿಲ್ಲ. ಹುಷಾರಿದ್ದೀರಲ್ಲ?" ಎಂದರು. ಮಧ್ಯಾಹ್ನ ಅವಳು ಬಂದಳು. ಈ ಸಲ ಬಾಗಿಲ ಪಕ್ಕ ಕೂರಲಿಲ್ಲ, ನೀನು ಕೂರುತ್ತಿದ್ದಲ್ಲಿ ಕೂತಳು. ನಾನು ಟೇಪು ಮುಂದೆ ಓಡಿಸಿ ಆ ದೃಶ್ಯಕ್ಕೆ ತಂದೆ. ಅಲೆ ಎದ್ದಿತು, ದೋಣಿ ಮಗುಚಿತು.

"ಕೂಗು ತೆಗಿ" ಎಂದಳು. "ಕೂಗೂದಿಲ್ಲ ಅಂದಿದ್ನಲ್ಲ ಅಂವ. ಅಂವ ಹೇಳಿದ ಹಾಗೇ ನೋಡ್ವಾ."

ಗುಂಡಿ ತಿರುಗಿಸಿ ಸದ್ದು ಪೂರ್ತಿ ಇಳಿಸಿದೆ. ಹೊರಗೆ ಕಾಗೆ ಕೂಗುತ್ತಿದ್ದದ್ದು ಕೇಳಿಸತೊಡಗಿತು. ತೆರೆಯಲ್ಲಿ ಅದೇ ಅಲೆ, ಅದೇ ಇಬ್ಬರು. ತಮ್ಮನ ಬಾಯಿ ತೆರೆಯಿತು, ನೀರು ತುಂಬಿತು, ಮುಚ್ಚಿತು. ಅಣ್ಣ ಮುಖವನ್ನು ಆಚೆ ತಿರುಗಿಸಿದ. ಮತ್ತೆ ಈಚೆ. ಮತ್ತೆ ಆಚೆ. ನಾನು ಆ ದೃಶ್ಯವನ್ನು ನಾಲ್ಕು ಸಲ ನೋಡಿದ್ದೆ, ಅದರ ಬಗ್ಗೆ ಬರೆದಿದ್ದೆ. ನಿನ್ನ ಅವ್ವಿ ಒಂದು ಸಲ ನೋಡಿ ಹೇಳಿದಳು.

"ಇಂವ ಹುಡುಕ್ತಾ ಇದ್ದ."

ಸದ್ದಿಲ್ಲದ ಆ ಮುಖ ನಿಜಕ್ಕೂ ಹುಡುಕುತ್ತಿತ್ತು. ಕೂಗು ಕೇಳಿಸದವನು ಇನ್ನೇನು ಮಾಡುತ್ತಾನೆ, ಎಲ್ಲ ದಿಕ್ಕಿಗೂ ನೋಡುತ್ತಾನೆ. ಅವಳು ಇನ್ನೊಮ್ಮೆ ಹಾಕಲು ಹೇಳಲಿಲ್ಲ. "ನಮ್ಮಂವ ಎಷ್ಟು ಹೊತ್ತು ಹುಡುಕಿದ?" ಎಂದಳು. ನನಗೆ ಗೊತ್ತಿಲ್ಲ, ಹೊನ್ನಪ್ಪನಿಗೆ ಗೊತ್ತಿರಬಹುದು ಎಂದೆ. ಗೊತ್ತಿಲ್ಲ ಎಂಬ ಮಾತನ್ನು ಅವಳೆದುರು ನಾನು ಆಡಿದ್ದು ಅದೇ ಮೊದಲು.

ಹೊನ್ನಪ್ಪ ಮಾದೇವ ಹೋದ ವರ್ಷವೇ ಊರು ಬಿಟ್ಟು ಮುರ್ಡೇಶ್ವರಕ್ಕೆ ಹೋದವನು, ಅಲ್ಲೇ ದೋಣಿ ಕೆಲಸ. ಇಬ್ಬರೂ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಸರಳು ಹಿಡಿದೇ ಕೂತಿದ್ದಳು. ಅವಳನ್ನು ನೋಡಿ ಹೊನ್ನಪ್ಪ ಬಲೆ ಬಿಟ್ಟು ಎದ್ದು ನಿಂತ.

"ನಾಗೇಶಣ್ಣ ಹೇಳ್ಬೇಡ ಅಂದಿದ್ದ ಅವ್ವಿ" ಎಂದ.

"ಅಂವ ಈಗಿಲ್ಲ. ಹೇಳು."

ಹೇಳಿದ. ನೀನು ಮತ್ತೆ ಮತ್ತೆ ಮುಳುಗಿ ಎದ್ದದ್ದನ್ನು, ನಿನ್ನ ಮೂಗಿನಿಂದ ರಕ್ತ ಬಂದದ್ದನ್ನು, ಮಗುಚಿದ ದೋಣಿಯ ಮೇಲೆ ಹೊನ್ನಪ್ಪ ನಿನ್ನನ್ನು ಜುಟ್ಟು ಹಿಡಿದು ಎಳೆದು ಹಾಕಿದ್ದನ್ನು. ನೀನು ಮತ್ತೆ ಇಳಿಯಲು ಹೋದೆಯಂತೆ. ಅವನು ಬಿಡಲಿಲ್ಲ. "ಬಿಡು ಅಂತ ಹೇಳೂಕೂ ಅವ್ನಿಗೆ ದನಿ ಇರ್ಲಿಲ್ಲ. ಕಚ್ಚಿದ" ಎಂದು ಅಂಗಿಯ ತೋಳು ಮೇಲೇರಿಸಿದ. ಮೊಣಕೈಯ ಕೆಳಗೆ, ಬಿಳಿಚಿದ ಗುರುತುಗಳ ಒಂದು ಸಾಲು.

ನಿನ್ನ ಅವ್ವಿ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಂದಳು. ಹೆಬ್ಬೆರಳಿನಿಂದ ಒಂದೊಂದೇ ಗುರುತನ್ನು ಮುಟ್ಟುತ್ತ ಹೋಗಿ, ಸಾಲು ತಪ್ಪಿ ಓರೆಯಾಗಿದ್ದ ಒಂದರ ಮೇಲೆ ನಿಲ್ಲಿಸಿದಳು.

"ಇದು ನಮ್ಮ ನಾಗೇಶಂದೇ" ಎಂದಳು. "ಈ ಹಲ್ಲು ಹುಟ್ಟುವಾಗ್ಲೇ ಅಡ್ಡ ಬಂದಿತ್ತು."